ಅಂತರಿಕ್ಷಕ್ಕೆ ಹೋದ ಎಮ್ಮೆ

ಹೊಸ ಗ್ರಹದಲ್ಲಿ ಊರು ಕಟ್ಟಲು ಜನರನ್ನು ಹೊತ್ತು ಹೊರಟ ಅಂತರಿಕ್ಷ ನೌಕೆ, ಅದಕ್ಕೆ ದಾರಿ ಹೇಳಲು ಮಿದುಳು ತಿದ್ದಿ ಮಾತು ಕಲಿಸಿದ ಹಾಲು ಕೊಡುವ ಒಂದು ಎಮ್ಮೆ. ಇದು ನಾನು ವಾಡಿಯ ಕ್ವಾರ್ಟರ್ಸಿನಲ್ಲಿ ಕೂತು ಮೂರು ವರ್ಷ ಬರೆದ ಕಾದಂಬರಿ. ಮೊದಲು ಓದಿ ಹೇಳಿದ್ದು ಭಂಕೂರಿನ ಸೋದರತ್ತೆಗೆ. ಜೀವನವಿಡೀ ಎಮ್ಮೆ ಸಾಕಿದವಳು, ಮೆಚ್ಚಿಯೇ ಮೆಚ್ಚುತ್ತಾಳೆ ಅಂದುಕೊಂಡಿದ್ದೆ.

ಎಮ್ಮೆ ನಕ್ಷತ್ರಗಳನ್ನು ನೋಡುತ್ತ, ಮನುಷ್ಯನ ಒಂಟಿತನದ ಬಗ್ಗೆ ಮಾತಾಡುತ್ತ ಏಳು ತಿಂಗಳು ಪ್ರಯಾಣ ಮಾಡುವವರೆಗೂ ಅತ್ತೆ ಕಿವಿಗೊಟ್ಟು ಕೂತಿದ್ದಳು. ಅಲ್ಲಿಗೆ ನನ್ನ ಓದು ತಡೆದಳು.

"ತಮ್ಮಾ, ಇದರ ಹಾಲು ಯಾರು ಹಿಂಡ್ತಾರ?"

ಹಿಂದಿನ ಪುಟಗಳನ್ನು ತಿರುವಿ ನೋಡಿದೆ. ಯಾರೂ ಹಿಂಡಿರಲಿಲ್ಲ.

"ಒಂದ್ ಹೊತ್ತು ತಪ್ಪಿದ್ರ ಎಮ್ಮಿ ಓಣಿಗೆಲ್ಲ ಕೇಳಂಗ ಒದರ್ತದ," ಎಂದು ಅತ್ತೆ ಹಾಲು ಹಿಂಡುವ ಚರಿಗೆ ಹಿಡಿದು ಕೊಟ್ಟಿಗೆಗೆ ಹೊರಟಳು. "ಇದರಾಗ ಎಮ್ಮಿ ಮಾತಾಡಾಕತ್ತಿಲ್ಲ. ನೀನಽ ಮಾತಾಡಾಕತ್ತಿ."