ಬೆಳ್ತಿಗೆ ಅನ್ನದ ದಿನ

ನಾನು ಚಿಕ್ಕವನಿದ್ದಾಗ ಬಿಳಿ ಅನ್ನ ಕಂಡರೆ ಹೆದರುತ್ತಿದ್ದೆ. ಹಾವಿಗೆ ಹೆದರದ, ಮೇಷ್ಟ್ರ ಬೆತ್ತಕ್ಕೂ ಅಷ್ಟಾಗಿ ಹೆದರದ ಹುಡುಗ ಅನ್ನಕ್ಕೆ ಹೆದರುವುದೆಂದರೆ ನಿಮಗೆ ನಗು ಬರಬಹುದು. ನಗಿ, ಅಡ್ಡಿಯಿಲ್ಲ. ಆದರೆ ಹೇಳಿ ಮುಗಿಸುವವರೆಗೆ ಎದ್ದು ಹೋಗಬೇಡಿ.

ದೇಶಕ್ಕೆ ಸ್ವಾತಂತ್ರ್ಯ ಬಂದು ಹತ್ತು ವರ್ಷ ಕಳೆದಿದ್ದ ಕಾಲ. ನಮ್ಮ ಮನೆ ಮಡಂತ್ಯಾರಿನಿಂದ ಎರಡು ಮೈಲಿ ಒಳಗೆ, ಗುಡ್ಡದ ಬದಿಯಲ್ಲಿತ್ತು. ಅಪ್ಪ, ಅಕ್ಕ, ನಾನು, ಮೂರೇ ಜನ. ನಮ್ಮದು ಮೂರು ಹೊತ್ತೂ ಕುಚ್ಚಲಕ್ಕಿ ಗಂಜಿ. ಕೆಂಪಗಿನ ದಪ್ಪ ಅಗುಳು, ಬಿಸಿ ತಿಳಿ, ಎರಡು ಹರಳು ಕಲ್ಲುಪ್ಪು, ಕೆಂಡದಲ್ಲಿ ಸುಟ್ಟ ಒಣಮೀನಿನ ಚಟ್ನಿ. ಮೀನು ಸುಡುವ ವಾಸನೆ ಗದ್ದೆಯ ಆಚೆಗೂ ಬರುತ್ತಿತ್ತು. ಅದು ಮೂಗಿಗೆ ಬಡಿದರೆ ನಾನು ಆಟ ಬಿಟ್ಟು ಓಡುತ್ತಿದ್ದೆ. ಬೆಳ್ತಿಗೆ, ಅಂದರೆ ನೀವು ದಿನಾ ಉಣ್ಣುವ ಈ ಬಿಳಿ ಅನ್ನ, ದೇವಸ್ಥಾನದ್ದು, ದೊಡ್ಡ ಮನೆಗಳದ್ದು, ಪೇಟೆಯ ಹೋಟೆಲಿನದ್ದು.

ನಾನು ಅದನ್ನು ಮೊದಲು ಉಂಡದ್ದು ಅಮ್ಮನ ಬೊಜ್ಜದ ದಿನ. ಸತ್ತವರ ಹೆಸರಿನಲ್ಲಿ ಊರವರನ್ನು ಕರೆದು ಊಟ ಹಾಕುವುದಕ್ಕೆ ನಮ್ಮ ಕಡೆ ಬೊಜ್ಜ ಎನ್ನುತ್ತಾರೆ. ನನಗೆ ಆಗ ಐದು ವರ್ಷ. ಮನೆ ತುಂಬ ಜನ, ಸಾಲಾಗಿ ಬಾಳೆಲೆ, ಎಲೆಯ ಮೇಲೆ ಮಲ್ಲಿಗೆಯಂಥ ಅನ್ನ. ಖುಷಿಯಿಂದ ಉಂಡು ಪಾಯಸವನ್ನು ಎರಡು ಸಲ ಕೇಳಿ ಹಾಕಿಸಿಕೊಂಡೆ. ಅಮ್ಮನಿಗೆಂದು ಒಳಗಿನ ಕೋಣೆಯಲ್ಲಿ ಬಡಿಸಿಟ್ಟ ಎಲೆಯ ಮುಂದೆ ಮಾತ್ರ ಯಾರೂ ಬಂದು ಕೂರಲಿಲ್ಲ. ಬಿಳಿ ಅನ್ನ ಬೆಂದರೆ ಮನೆಯಲ್ಲಿ ಒಬ್ಬರು ಕಡಿಮೆಯಾಗುತ್ತಾರೆ ಎಂದು ನಾನು ಆ ದಿನ ಕಲಿತೆ. ಯಾರೂ ಅದನ್ನು ತಿದ್ದಲಿಲ್ಲ, ಯಾಕೆಂದರೆ ನಾನು ಯಾರಿಗೂ ಹೇಳಿರಲಿಲ್ಲ.

ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅಕ್ಕ. ಗುಡ್ಡದ ಕೆಳಗಿನ ಕೆರೆಯಿಂದ ದಿನಕ್ಕೆ ಹತ್ತು ಹನ್ನೆರಡು ಕೊಡ ನೀರು ಹೊತ್ತು ಅವಳ ತಲೆಯ ನಡುವೆ ಕೂದಲೇ ತೆಳ್ಳಗಾಗಿತ್ತು. ಒಂದು ದಿನ ಕೊಡ ಇಳಿಸುತ್ತಾ, "ಕೆಲವು ಮನೆಗಳಲ್ಲಿ ಬಾವಿ ಅಡಿಗೆಮನೆಯ ಬಾಗಿಲಿಗೇ ಉಂಟಂತೆ ತಮ್ಮಾ. ಮೂಡುಬಿದಿರೆ ಕಡೆ" ಎಂದಳು. ಹೇಳುವಾಗ ಅವಳ ಮುಖದಲ್ಲಿ ಏನೋ ನಾಚಿಕೆಯಿತ್ತು. ಬಾವಿಗೆ ಯಾಕೆ ನಾಚಿಕೆಯೋ ನನಗೆ ತಿಳಿಯಲಿಲ್ಲ.

ಮೂಡುಬಿದಿರೆಯಲ್ಲಿ ಹೋಟೆಲು ನಡೆಸುವ ಮನೆಯವರು ಅವಳನ್ನು ನೋಡಲು ಬರುವವರಿದ್ದರು. ಅವರು ಬೆಳ್ತಿಗೆ ಬಿಟ್ಟು ಬೇರೆ ಮುಟ್ಟುವುದಿಲ್ಲ, ಕುಚ್ಚಲಕ್ಕಿ ಅವರ ಗಂಟಲಿಗೆ ಇಳಿಯುವುದಿಲ್ಲ ಎಂದು ಸಂಬಂಧ ತಂದವರು ಹೇಳಿದ್ದರಂತೆ. ಅಪ್ಪನೂ ಬಿಡಲಿಲ್ಲ, ನಮ್ಮಲ್ಲೂ ದಿನಾ ಬೆಳ್ತಿಗೆಯೇ ಎಂದುಬಿಟ್ಟಿದ್ದರು. ಮಡಂತ್ಯಾರಿನಿಂದ ಎರಡು ಸೇರು ಬೆಳ್ತಿಗೆ ತಂದು ಅಟ್ಟದ ಮೇಲೆ ಅಡಗಿಸಿಟ್ಟಿದ್ದರು. ನನಗೆ ಮಾತ್ರ ಒಂದು ಮಾತೂ ಹೇಳಿರಲಿಲ್ಲ. ನನ್ನ ಬಾಯಿಗೆ ಬೀಗವಿಲ್ಲ ಎಂಬುದು ಊರಿಗೇ ಗೊತ್ತಿತ್ತು. ಮುಚ್ಚಿಟ್ಟರೆ ಒಳ್ಳೆಯದಾಗುತ್ತದೆ ಎಂದು ಅಪ್ಪ ಎಣಿಸಿದರು.

ಆ ದಿನ ಬೆಳಿಗ್ಗೆಯೇ ನನ್ನನ್ನು ಆಡಲು ಅಟ್ಟಿದರು. ಮಧ್ಯಾಹ್ನ ಹಸಿದು ಬಂದಾಗ ಒಣಮೀನಿನ ವಾಸನೆ ಇರಲಿಲ್ಲ. ಗಂಜಿಯ ಮಡಕೆ ಒಲೆಯ ಮೇಲಿರಲಿಲ್ಲ, ಅದನ್ನು ದನದ ಹಟ್ಟಿಯಲ್ಲಿ ಬುಟ್ಟಿ ಕವುಚಿ ಬಚ್ಚಿಟ್ಟಿದ್ದರು. ಜಗಲಿಯಲ್ಲಿ ಗುರುತಿಲ್ಲದ ಜನ ಸಾಲಾಗಿ ಕೂತಿದ್ದರು. ನೆರೆಮನೆಯ ಹೆಂಗಸರು ಸದ್ದಿಲ್ಲದೆ ಓಡಾಡುತ್ತಿದ್ದರು. ಬಾಳೆಲೆಗಳ ಮೇಲೆ ಬಿಳಿ ಅನ್ನದ ಹಬೆ ಏಳುತ್ತಿತ್ತು. ಅಕ್ಕ ಎಲ್ಲೂ ಇರಲಿಲ್ಲ, ಒಳಗಿನ ಕೋಣೆಯ ಬಾಗಿಲು ಮುಚ್ಚಿತ್ತು. ಅದೇ ಕೋಣೆ. "ಅಕ್ಕಾ" ಎಂದು ಕರೆದೆ. ಮತ್ತೊಮ್ಮೆ ಕರೆದೆ. ನೋಡಲು ಬಂದವರೆದುರು ಹುಡುಗಿ ಗಂಟಲು ಎತ್ತಬಾರದೆಂದು ಅವಳು ಓಗೊಡಲಿಲ್ಲ. ಅಪ್ಪನ ಹತ್ತಿರ ಓಡಿದೆ.

"ಅಪ್ಪಾ, ಇದು ಯಾರ ಬೊಜ್ಜ? ಅಕ್ಕಂದಾ?" ಎಂದು ಅಳುತ್ತಾ ಕೇಳಿದೆ.

ಉಣ್ಣುತ್ತಿದ್ದವರ ಕೈಗಳು ನಿಂತವು. ಮದುವೆ ಹುಡುಗನ ತಾಯಿ, ಮೂಗಿನ ಎರಡೂ ಬದಿಗೆ ಮೂಗುತಿ ಹಾಕಿದ್ದವರು, ನನ್ನನ್ನು ಹತ್ತಿರ ಕರೆದು, ಗದರದೆ, ದಿನಾ ಏನು ಉಣ್ಣುತ್ತೀ ಎಂದು ಕೇಳಿದರು. ಗಂಜಿ ಎಂದೆ. ಆ ತಾಯಿ ಅಪ್ಪನ ಮುಖ ನೋಡಿದರು. ಅಪ್ಪ ನೆಲ ನೋಡಿದರು. ಹೆಣ್ಣು ನೋಡುವ ಮೊದಲೇ ಹೆಣ್ಣಿನ ಬೊಜ್ಜದ ಮಾತು ಬಂದ ಮನೆಯಲ್ಲಿ ಯಾರು ತಾನೇ ಕೂರುತ್ತಾರೆ? ಎಲೆ ಮಡಚಿ, ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಹೋದರು.

ಆಮೇಲೆ ಬಾಗಿಲು ತೆರೆಯಿತು. ಅಕ್ಕ ಅಮ್ಮನ ಸೀರೆ ಉಟ್ಟು, ಹೂ ಮುಡಿದು ನಿಂತಿದ್ದಳು. ಅವಳು ಬದುಕಿದ್ದಾಳೆಂದು ನನಗೆ ಎಷ್ಟು ಸಂತೋಷವಾಯಿತೆಂದರೆ ಓಡಿ ಹೋಗಿ ಸೊಂಟ ಹಿಡಿದುಕೊಂಡೆ. ಅಪ್ಪ ಬೆತ್ತ ಹುಡುಕುತ್ತಿದ್ದರು. "ಅವನಿಗೆ ಹೊಡೆಯುವುದು ಬೇಡ ಅಪ್ಪ. ಅವನು ಹೆದರಿದ್ದಾನೆ" ಎಂದಳು. ಹಟ್ಟಿಯಿಂದ ಮಡಕೆ ತಂದು ಆ ಸೀರೆಯಲ್ಲೇ ಕೂತು ನನಗೆ ಗಂಜಿ ಬಡಿಸಿದಳು. ಬಿಳಿ ಅನ್ನವನ್ನು ಅಪ್ಪ ದನಕ್ಕೆ ಸುರಿದರು. ಸೀರೆ ಬಿಚ್ಚಿಟ್ಟು ಅಕ್ಕ ಮತ್ತೆ ಕೊಡ ಹಿಡಿದು ಕೆರೆಗೆ ಹೋದಳು.

ಮಾತು ಊರೆಲ್ಲ ಹಬ್ಬಿತು. ಮತ್ತೆ ಒಂದೆರಡು ಸಂಬಂಧ ಬಂದವು, ದಾರಿಯಲ್ಲೇ ಯಾರೋ ಏನೋ ಹೇಳಿ ತಿರುಗಿಸಿದರು. ಆಮೇಲೆ ಅದೂ ನಿಂತಿತು.

ನಾಲ್ಕು ವರ್ಷದ ನಂತರ ನನ್ನ ಕಿವಿ ಸೋರುತ್ತಿದೆಯೆಂದು ಅಪ್ಪ ಮೂಡುಬಿದಿರೆಯ ಡಾಕ್ಟರರ ಹತ್ತಿರ ಕರೆದುಕೊಂಡು ಹೋದರು. ಔಷಧಿ ಕಟ್ಟಿಸುವಷ್ಟರಲ್ಲಿ ನನಗೆ ಬಾಯಾರಿತು. ಎದುರಿನ ಹೋಟೆಲಿನತ್ತ ಅಪ್ಪ ತಲೆಯೆತ್ತಿಯೂ ನೋಡಲಿಲ್ಲ, ನೀನೇ ಹೋಗಿ ಕುಡಿದು ಬಾ ಎಂದರು. ಮುಂದೆ ಜನ ತುಂಬಿದ್ದರು, ನಾನು ಹಿಂದಿನಿಂದ ಹೋದೆ. ಅಲ್ಲಿ ಅಡಿಗೆಮನೆಯ ಹೊಸ್ತಿಲಿನಿಂದ ನಾಲ್ಕೇ ಹೆಜ್ಜೆಗೆ ಒಂದು ಬಾವಿ ಇತ್ತು. ಕಟ್ಟೆ ಕಟ್ಟಿ ರಾಟೆ ಹಾಕಿದ ಬಾವಿ. ಹೊಸ್ತಿಲ ಒಳಗೆ ಅದೇ ಎರಡು ಮೂಗುತಿಯ ತಾಯಿ ಬಟ್ಟಲು ಹಿಡಿದು ಕೂತು ಊಟ ಮಾಡುತ್ತಿದ್ದರು. ಬಟ್ಟಲಲ್ಲಿ ಕೆಂಪು ಗಂಜಿ, ಬದಿಯಲ್ಲಿ ಒಣಮೀನಿನ ಚಟ್ನಿ.

ನೀರು ಕುಡಿಯದೆ ಓಡಿ ಬಂದೆ. ಅಪ್ಪನಿಗೆ ಹೇಳುವ ಧೈರ್ಯವಾಗಲಿಲ್ಲ. ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಅವರೂ ಗಂಜಿಯೇ ಉಣ್ಣುವುದು, ನಾವು ಸುಮ್ಮನೆ ನಾಟಕ ಮಾಡಿದೆವು, ಅವರೂ ಮಾಡಿದರು ಎಂದು ಸಿಟ್ಟಿನಿಂದ ಹೇಳಿದೆ. ಅವಳೂ ಬೈಯಬಹುದೆಂದು ಕಾದೆ. ಅವಳು ಒಲೆಗೆ ಕಟ್ಟಿಗೆ ತುರುಕುತ್ತಾ ಬೇರೆಯೇ ಕೇಳಿದಳು. "ಬಾವಿ ಹೌದಾ ತಮ್ಮಾ, ಬಾಗಿಲಿಗೇ ಉಂಟಾ?"

"ಇಲ್ಲ ಅಕ್ಕ. ಬಾವಿ ಎಲ್ಲಿಯೂ ಕಾಣಲಿಲ್ಲ" ಎಂದೆ. ಬಾಯಿಗೆ ಬೀಗವಿಲ್ಲದವನು ಅಂದು ಮೊದಲ ಸಲ ಬೀಗ ಹಾಕಿಕೊಂಡೆ.

ಅಕ್ಕ ಹೋಗಿ ಈಗ ಎಷ್ಟೋ ವರ್ಷಗಳಾದವು. ಅವಳ ಬೊಜ್ಜದ ದಿನ ಊರವರಿಗೆಲ್ಲ ಬೆಳ್ತಿಗೆಯೇ ಬಡಿಸಿದೆವು. ಒಳಗಿನ ಕೋಣೆಯಲ್ಲಿ ಅವಳಿಗೆಂದು ಇಟ್ಟ ಎಲೆಗೆ ಮಾತ್ರ ನಾನೇ ಕುಚ್ಚಲಕ್ಕಿ ಅನ್ನ ಹಾಕಿದೆ. ಕಂಡವರು ಏನು ಹೇಳಿಯಾರು ಎಂದು ನೆಂಟರು ಗೊಣಗಿದರು. ಅದೇ ಮಾತಿಗೆ ಹೆದರಿ ಒಮ್ಮೆ ಕಳೆದುಕೊಂಡದ್ದು ಸಾಕಾಗಿತ್ತು ನನಗೆ.

ಮಕ್ಕಳೇ, ನಿಮ್ಮ ಅಡಿಗೆಮನೆಯಲ್ಲಿ ಬಾವಿಯೂ ಬೇಡ, ನಲ್ಲಿ ತಿರುಗಿಸಿದರೆ ನೀರು. ಬಿಳಿ ಅನ್ನ ದಿನಕ್ಕೆರಡು ಸಲ ಬೇಯುತ್ತದೆ. ನನ್ನ ಕೆಂಪು ಅನ್ನವನ್ನು ನೀವು ಅಜ್ಜನ ಔಷಧಿ ಎಂದು ತಮಾಷೆ ಮಾಡುತ್ತೀರಿ. ಕುಕ್ಕರಿನ ಮುಚ್ಚಳ ತೆಗೆದು ಆ ಹಬೆ ಎದ್ದಾಗ ನಾನು ತಟ್ಟೆಯ ಮುಂದೆ ಕೂರುವ ಮೊದಲು ನಿಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕರೆಯುತ್ತೇನೆ. ಇಲ್ಲೇ ಇದ್ದೇವಲ್ಲ, ಅಜ್ಜನಿಗೆ ಅರಳುಮರಳು ಎಂದು ನಗುತ್ತೀರಿ. ನಗಿ, ಅಡ್ಡಿಯಿಲ್ಲ. ಆದರೆ ಕರೆದಾಗ ಓಗೊಡಿ.