ಬಾಯಿ ಕಟ್ಟಿಕೊಂಡು ನೋಡಿದ ಸಿಂಗಳೀಕ

ಮಂಗ ನೋಡಲು ಘಟ್ಟದ ಕಾಡಿಗೆ ಹೋಗುತ್ತೇನೆ ಎಂದಾಗ ನಮ್ಮ ಯಜಮಾನರು ಬಾಯೊಳಗಿನ ಎಲೆಅಡಿಕೆ ಉಗುಳಿ ಬಂದು ನಕ್ಕರು.

"ಮಸ್ಕಿ ಗುಡ್ಡ ಹತ್ತು ಸಾಕು. ಕೈಯಾಗಿನ ಬಾಳಿಹಣ್ಣು ಕಸಗೊಂಡು, ನಿನ್ನ ಮುಂದ ಕುಂತು ತಿಂತಾವ. ಮಂಗ್ಯಾ ನೋಡಾಕ ಇಷ್ಟು ದೂರ ಹೋಗಾರನ್ನ ನಾ ಕಂಡಿಲ್ಲ ಬಿಡು."

"ಅವು ಬ್ಯಾರೆ, ಇವು ಬ್ಯಾರೆ ರೀ."

"ಏನ್ ಬ್ಯಾರೆ? ಎರಡೆರಡು ಬಾಲ ಅದಾವೇನು?"

"ಗಡ್ಡ ಅದಾವಂತ."

"ಗಡ್ಡದ ಮಂಗ್ಯಾ ಬೇಕಂದ್ರ ಅಲ್ಲೀತನಾ ಯಾಕ? ನಾ ನಾಕು ದಿನ ಕ್ಷೌರ ಬಿಟ್ರ ಆತು."

ಗೊರೇಬಾಳದ ನಮ್ಮ ಪಡಸಾಲೆಯಲ್ಲಿ ಎಲ್ಲರೂ ನಕ್ಕರು, ನಾನೂ ನಕ್ಕೆ. ಮೊಮ್ಮಗಳಿಗೆ ಮಾತ್ರ ಅದು ನಗುವ ಮಾತಾಗಿರಲಿಲ್ಲ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮಗಳನ್ನು ನನ್ನ ಸ್ವಂತ ತಮ್ಮನ ಮಗನಿಗೇ ಕೊಟ್ಟಿದ್ದೆ. ಹಾಗಾಗಿ ಅಳಿಯ ಎಂದರೆ ನನ್ನ ತೊಡೆಯ ಮೇಲೆ ಆಡಿದವನು. ಅವನು ಹಟ್ಟಿಯ ಚಿನ್ನದ ಗಣಿಯಲ್ಲಿ ಕೆಳಗಿಳಿಯುವ ಕೆಲಸಗಾರ, ಮನೆ ಕಂಪನಿಯ ಕ್ವಾರ್ಟರ್ಸಿನಲ್ಲಿ. ಅವರ ಹಿರಿಯ ಮಗಳು ಈ ಹುಡುಗಿ, ನಾಲ್ಕನೆಯ ಕ್ಲಾಸು ಮುಗಿಸಿದ್ದಳು. ಆ ವರ್ಷ ಲಿಂಗಸುಗೂರಿನ ಒಂದು ಬಟ್ಟೆ ಅಂಗಡಿಯವರು ಕೊಟ್ಟ ಕ್ಯಾಲೆಂಡರಿನಲ್ಲಿ ಒಂದು ಕಪ್ಪು ಮಂಗನ ಚಿತ್ರವಿತ್ತು. ಮುಖದ ಸುತ್ತ ಬೂದಿ ಬಣ್ಣದ ಕೂದಲು, ಬಾಲದ ತುದಿಗೆ ಸಿಂಹಕ್ಕಿರುವಂಥ ಕುಚ್ಚು. ಕೆಳಗೆ 'ಸಿಂಗಳೀಕ' ಎಂದು ಬರೆದಿತ್ತು. ಹುಡುಗಿ ಅದನ್ನು ಹರಿದುಕೊಂಡು ಶಾಲೆಗೆ ಒಯ್ದು ತೋರಿಸಿದಳು. ಗೆಳತಿಯರು ನಂಬಲೇ ಇಲ್ಲ. ಬಯಲಾಟದವರು ಗಡ್ಡ ಅಂಟಿಸಿಕೊಳ್ಳುವ ಹಾಗೆ ಯಾರೋ ಮಂಗಕ್ಕೆ ಅಂಟಿಸಿ ಫೋಟೋ ತೆಗೆದಿದ್ದಾರೆ ಎಂದರು. ಇವಳು ಹಟಕ್ಕೆ ಬಿದ್ದು ವಾದಿಸಿದಳು. ಆ ದಿನದಿಂದ ಇವಳಿಗೇ 'ಗಡ್ಡದ ಮಂಗಿ' ಎಂಬ ಹೆಸರು ಬಿತ್ತು. ನೀರಿನ ನಳದ ಹತ್ತಿರ, ಕುಂಟಬಿಲ್ಲೆ ಆಡುವಲ್ಲಿ, ಎಲ್ಲಿ ಹೋದರೂ ಅದೇ ಹೆಸರು. ಹುಡುಗಿ ಆಟಕ್ಕೆ ಹೋಗುವುದನ್ನೇ ಬಿಟ್ಟಳು. "ರಜೆ ಮುಗಿಯೋದ್ರಾಗ ಕಣ್ಣಾರೆ ನೋಡಿ ಚಿತ್ರ ಬರಕೊಂಡು ಬರ್ತೀನಿ" ಎಂದು ಅವರಿಗೆಲ್ಲ ಮಾತು ಕೊಟ್ಟು, ರಜೆ ಬಿದ್ದಾಗ ನಾಲ್ಕು ದಿನ ನಮ್ಮೂರಿಗೆ ಬಂದಿದ್ದಳು.

"ಕ್ಯಾಲೆಂಡರ್ ನೋಡೇ ಬರಿಯಬೇ, ಯಾರಿಗೆ ಗೊತ್ತಾಕ್ಕೈತಿ?" ಎಂದೆ ನಾನು.

"ಅದು ಸುಳ್ಳಾತಲ್ಲ ಅಜ್ಜಿ. ಹೆಂಗ ಕುಂದರತೈತಿ, ಹೆಂಗ ತಿಂತೈತಿ ಅಂತ ಕೇಳತಾರ. ಏನ್ ಹೇಳ್ಲಿ?"

ಆ ಪ್ರಶ್ನೆ ನನಗೂ ಹತ್ತಿಕೊಂಡಿತು. ಹೌದಲ್ಲ, ಅಷ್ಟು ಗಡ್ಡ ಇಟ್ಟುಕೊಂಡು ಹೆಂಗ ತಿಂತಾವ?

ಅಳಿಯನ ಜೊತೆ ಓದಿದ ಮಸ್ಕಿಯವನೊಬ್ಬ ಶಿರಸಿಯ ಆಚೆ, ಘಟ್ಟದಲ್ಲಿ, ಫಾರೆಸ್ಟ್ ಗಾರ್ಡ್ ಆಗಿದ್ದ. ಅವನಿಗೆ ಅಳಿಯ ಕಾಗದ ಬರೆದ. "ಅದಾವ, ಬರ್ರಿ" ಎಂದು ಉತ್ತರ ಬಂತು. ಮಗಳು ಬಾಣಂತಿ, ಹಟ್ಟಿಯಲ್ಲಿ ಅತ್ತೆಯ ಆರೈಕೆಯಲ್ಲಿದ್ದಳು, ಬರುವ ಹಾಗಿರಲಿಲ್ಲ. ಹುಡುಗಿಯನ್ನು ನೋಡಿಕೊಳ್ಳಲು ಹೆಂಗಸೊಬ್ಬಳು ಬೇಕು ಎಂಬ ನೆವ ಸಿಕ್ಕಿದ್ದೇ ತಡ, ನಾನು ಕಟಕ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಕಟ್ಟಿದೆ. ಸಿಂಧನೂರಿನಲ್ಲಿ ಬಸ್ಸು ಹತ್ತಿ, ಮಸ್ಕಿ ದಾಟಿ ಲಿಂಗಸುಗೂರಿಗೆ ಬಂದರೆ ಅಪ್ಪ ಮಗಳು ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದರು. ಹುಡುಗಿಯ ಕೈಯಲ್ಲಿ ಚಿತ್ರ ಬರೆಯಲು ಹೊಸ ಪಟ್ಟಿ ಪುಸ್ತಕ. ಮೊದಲ ಹಾಳೆ ಖಾಲಿ ಬಿಟ್ಟಿದ್ದಳು.

ನಮ್ಮದು ಎರೆಹೊಲದ ಸೀಮೆ. ಬದುವಿನ ಮೇಲೆ ಒಂದು ಬೇವಿನ ಗಿಡವಿದ್ದರೆ ಅದನ್ನೇ ಗುರುತು ಹೇಳಿ ದಾರಿ ತೋರಿಸುವವರು ನಾವು. ಆ ಕಾಡು ಹೊಕ್ಕು ತಲೆ ಎತ್ತಿ ನೋಡಿದೆ. ಗಿಡದ ಬುಡ ಕಾಣುತ್ತದೆ, ನೆತ್ತಿ ಕಾಣುವುದಿಲ್ಲ. ನಡುಹಗಲಿನಲ್ಲೂ ನೆಲಕ್ಕೆ ಬಿಸಿಲಿಲ್ಲ. ಗಿಡದ ಮೈಮೇಲೆ ಬಳ್ಳಿ, ಬಳ್ಳಿಯ ಮೈಮೇಲೆ ಪಾಚಿ, ಪಾಚಿಯ ಮೇಲೆ ಒಂದು ಪುಟ್ಟ ಹೂವು. ನಾನು ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿದೆ, ಮೂಸಿ ನೋಡಿದೆ.

"ಈ ಗಿಡಕ್ಕೆಲ್ಲ ನೀರು ಯಾವ ಕಾಲುವಿದಪ್ಪ?" ಎಂದು ಗಾರ್ಡನನ್ನು ಕೇಳಿದೆ.

ಅವನು ಆಕಾಶಕ್ಕೆ ಬೆರಳು ಮಾಡಿದ. "ಇಲ್ಲಿ ಕಾಲುವಿ ಮ್ಯಾಲಿಂದ ಬರತೈತಿ ಅತ್ತಿ. ಇನ್ನೊಂದು ತಿಂಗಳಿಗೆ ಬಿಡತಾರ."

ಅಳಿಯ ಕತ್ತು ಹಿಂದಕ್ಕೆ ಬಾಗಿಸಿ ನಿಂತುಬಿಟ್ಟಿದ್ದ. "ನಾ ಹುಟ್ಟಿ ಕೆಳಗ ಇಳಿದದ್ದ ಇಳಿದದ್ದು. ಮ್ಯಾಲ ನೋಡಿ ನೋಡಿ ಇವತ್ತ ಕುತಿಗಿ ಹಿಡೀತು."

"ಬಾಲ ಇಲ್ಲದ ದೊಡ್ಡ ಮಂಗ್ಯಾನೂ ಇರ್ತಾವಂತಲ್ಲೋ, ಮನಷ್ಯಾರಂಗ ನಡೆಯೂವು?" ಎಂದು ನಾನು ಗಾರ್ಡನನ್ನು ಕೇಳಿದೆ.

"ಅವು ಅಸ್ಸಾಮಿನ ಕಡೆ ಅತ್ತಿ. ಅಲ್ಲಿ ನನಗ ಬೀಗರಿಲ್ಲ" ಎಂದ ಗಾರ್ಡ್.

ನಮಗೆ ಇದ್ದದ್ದು ಎರಡೇ ದಿನ, ಶನಿವಾರ ಮತ್ತು ರವಿವಾರ. ರವಿವಾರ ಮಧ್ಯಾಹ್ನದ ಬಸ್ಸು ತಪ್ಪಿದರೆ ಅಳಿಯನ ಸೋಮವಾರದ ಶಿಫ್ಟು ತಪ್ಪುತ್ತಿತ್ತು. ಸಿಂಗಳೀಕ ಬಹಳ ನಾಚಿಕೆಯ ಪ್ರಾಣಿ, ನೆಲಕ್ಕೆ ಇಳಿಯುವುದೇ ಅಪರೂಪ, ಸಪ್ಪಳ ಮಾಡಬೇಡಿ ಎಂದು ಗಾರ್ಡ್ ಹತ್ತು ಸಲ ಹೇಳಿದ.

ಶನಿವಾರ ಬೆಳಿಗ್ಗೆ ಮೊದಲು ಕಂಡದ್ದು ಕರಿಮುಖದ ಮುಸ್ಯಾ ಮಂಗಗಳು. ಅವು ನಮ್ಮ ಕಡೆಯೂ ಇವೆ. ಆಮೇಲೆ ಬೆಕ್ಕಿನಷ್ಟು ದೊಡ್ಡ ಕೆಂಪು ಅಳಿಲೊಂದು ಕೊಂಬೆಯಿಂದ ಕೊಂಬೆಗೆ ಹಾರಿತು. ಹುಡುಗಿ ಗಾರ್ಡನ ದುರ್ಬೀನು ಹಿಡಿದು ಅದನ್ನೇ ನೋಡುತ್ತ ಅತ್ತ ತಿರುಗಿದ್ದಳು. ಇತ್ತ ನನ್ನ ಕಣ್ಣಿಗೆ, ಗಾಳಿ ಇಲ್ಲದೆಯೂ ಎಲೆಗಳು ಅಲುಗುವುದು ಕಂಡಿತು. ಎಲೆಯೊಳಗಿಂದ ಒಂದು ಕಪ್ಪು ಕೈ. ಇನ್ನೊಂದು. ನಾಲ್ಕೈದು ಕಪ್ಪು ಮೈ.

ನನ್ನ ಬಾಯಿ ತೆರೆಯಿತು. "ಹೋ... ಹೋಹೋಹೋಯ್!" ಎರಡೂ ಕೈ ಚಪ್ಪಾಳೆ ತಟ್ಟಿದವು.

ಕೊಂಬೆ ಮುರಿದ ಸಪ್ಪಳವಾಯಿತು. ಹುಡುಗಿ ತಿರುಗಿ ನೋಡುವಷ್ಟರಲ್ಲಿ ಎಲೆಗಳು ತೂಗುತ್ತಿದ್ದವು, ಅಷ್ಟೇ.

ಇದನ್ನು ನಾನು ಬೇಕೆಂದು ಮಾಡಲಿಲ್ಲ. ಕಾಲುವೆ ಬರುವ ಮೊದಲು ನಮ್ಮ ಕಡೆ ಎಲ್ಲ ಜೋಳವೇ. ತೆನೆಯಲ್ಲಿ ಹಾಲುಗಾಳು ತುಂಬಿದಾಗ ಹಕ್ಕಿ ಕಾಯಲು ಹೊಲದ ನಡುವೆ ಅಟ್ಟ ಕಟ್ಟುತ್ತಿದ್ದರು. ಏಳು ವರ್ಷದವಳಿದ್ದಾಗಿನಿಂದ ಆ ಅಟ್ಟದ ಮೇಲೆ ಕುಳಿತವಳು ನಾನು. ಹೊತ್ತು ಹುಟ್ಟಿದಾಗಿನಿಂದ ಮುಳುಗುವ ತನಕ ಕೂಗುವುದು, ಚಪ್ಪಾಳೆ ತಟ್ಟುವುದು, ಕವಣೆ ಬೀಸುವುದು. ಮುಂದೆ ಜೋಳ ಹೋಗಿ ನೆಲ್ಲು ಬಂದರೂ ಆ ರೂಢಿ ಹೋಗಲಿಲ್ಲ. ಹಸಿರಿನೊಳಗೆ ಏನಾದರೂ ಅಲುಗಿದರೆ ನನ್ನ ಬಾಯಿ, ಕೈ ನನ್ನನ್ನು ಕೇಳುವುದಿಲ್ಲ.

ಹುಡುಗಿ ಅಳಲಿಲ್ಲ. ಹತ್ತಿರ ಬಂದು ಸಣ್ಣ ದನಿಯಲ್ಲಿ ಕೇಳಿದಳು, "ನೀನರ ನೋಡಿದೇನಜ್ಜಿ? ಗಡ್ಡ ಇತ್ತೇನು?"

"ಕರ್ರಗ ಕಂಡ್ವು ತಾಯಿ. ಮುಖ ಕಾಣಲಿಲ್ಲ."

ಪಟ್ಟಿ ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡಳು. ಅಳಿಯ ನಗಿಸಲು ನೋಡಿದ, "ಅತ್ತಿ, ನಿನ್ನ ಗಣಿಗೆ ಕರಕೊಂಡು ಹೋಗಬೇಕು. ಶಿಫ್ಟಿಗೆ ಭೋಂಗಾ ಊದೋದ ಬ್ಯಾಡ." ಯಾರೂ ನಗಲಿಲ್ಲ. ಒಮ್ಮೆ ಬೆದರಿದರೆ ಅವು ಗುಡ್ಡ ದಾಟಿ ಹೋಗುತ್ತವೆ, ನಾಳೆ ಆಚೆಯ ಗುಡ್ಡ ಹತ್ತಿ ಹುಡುಕೋಣ, ಸಿಕ್ಕರೆ ಪುಣ್ಯ ಎಂದ ಗಾರ್ಡ್.

ನಾನು ಆ ಗಿಡದ ಬುಡಕ್ಕೆ ಹೋದೆ. ಅದು ಕಾಡುಹಲಸಿನ ಗಿಡವಂತೆ. ಮೇಲೆ ಹಣ್ಣುಗಳು ಜೋತುಬಿದ್ದಿದ್ದವು. ಕೆಳಗೆ ಅರ್ಧ ಕಚ್ಚಿದ ತೊಳೆಗಳು ಬಿದ್ದಿದ್ದವು, ಇನ್ನೂ ಹಸಿ ಹಸಿ. ಒಂದನ್ನು ಎತ್ತಿ ನೋಡಿದೆ. ಹಲ್ಲಿನ ಗುರುತಿತ್ತು. ಅಟ್ಟದ ಮೇಲೆ ಕಲಿತ ಇನ್ನೊಂದು ಮಾತು ಆಗ ನೆನಪಾಯಿತು. ಓಡಿಸಿದ ಹಕ್ಕಿ ಹೊಲ ಬಿಟ್ಟು ಹೋಗುವುದಿಲ್ಲ. ಒಂದು ಸುತ್ತು ಹೊಡೆದು ಅರ್ಧ ತಿಂದ ತೆನೆಗೇ ಬರುತ್ತದೆ. ನಾವು ಸಣ್ಣವರು ಹಕ್ಕಿಯ ಹಿಂದೆ ಓಡಿ ಸೋಲುತ್ತಿದ್ದೆವು, ಹಿರಿಯರು ಆ ತೆನೆಯ ಹತ್ತಿರವೇ ಕುಳಿತಿರುತ್ತಿದ್ದರು.

"ನಾಳೆ ಗುಡ್ಡ ಹತ್ತೂದು ಬ್ಯಾಡ. ಇಲ್ಲೇ ಕುಂದರೂಣು" ಎಂದೆ.

"ಅವು ಗುಬ್ಬಿ ಅಲ್ಲ ಅತ್ತಿ" ಎಂದ ಗಾರ್ಡ್.

"ಹೊಟ್ಟಿ ಎಲ್ಲಾರಿಗೂ ಒಂದ ನಮೂನಿ ಇರ್ತೈತೋ."

ಅವನು ಒಪ್ಪಲಿಲ್ಲ. ಕಡೆಗೆ ಅಳಿಯ, ಯಾರ ಕೂಡ ಹೋಗಬೇಕು ಎಂಬುದನ್ನು ಹುಡುಗಿಗೇ ಬಿಟ್ಟ. ಅವಳಿಗಿದ್ದದ್ದು ಒಂದೇ ಬೆಳಗು. ಒಂದು ಕಡೆ ಕಾಡು ಬಲ್ಲವನು, ಇನ್ನೊಂದು ಕಡೆ ಕೆಲಸ ಕೆಡಿಸಿದ ಅಜ್ಜಿ. ಅವಳು ಬಂದು ನನ್ನ ಪಕ್ಕ ನಿಂತಳು.

"ಅಜ್ಜಿ ಕೂಡ ಕುಂದರತೀನಿ. ಆದ್ರ ಬಾಯಿ ಕಟ್ಟತೀನಿ."

ಹಾಗೆಯೇ ಮಾಡಿದಳು. ರವಿವಾರ ನಸುಕು ಹರಿಯುವಾಗ ಆ ಗಿಡದಿಂದ ಸ್ವಲ್ಪ ದೂರ ಪೊದೆಯ ಮರೆಗೆ ಕುಳಿತೆವು. ಅಪ್ಪನ ಹೆಗಲ ಮೇಲಿನ ವಸ್ತ್ರ ತೆಗೆದು, ರಾಶಿ ತುಳಿಯುವ ಎತ್ತಿನ ಬಾಯಿಗೆ ಕುಕ್ಕೆ ಕಟ್ಟುವ ಹಾಗೆ ನನ್ನ ಬಾಯಿಗೆ ಬಿಗಿದಳು. ನನ್ನ ಹಸಿರು ಬಳೆಗಳು ಗಲ್ಲೆನ್ನುತ್ತಿದ್ದವು. ಮುತ್ತೈದೆ, ತೆಗೆಯುವ ಹಾಗಿಲ್ಲ. ಅವಕ್ಕೆ ತನ್ನ ಜಡೆಯ ರಿಬ್ಬನ್ನು ಸುತ್ತಿದಳು. ಚಪ್ಪಾಳೆ ತಟ್ಟುವ ಕೈಯಲ್ಲವೆ, ಒಂದನ್ನು ತಾನೇ ಗಟ್ಟಿಯಾಗಿ ಹಿಡಿದುಕೊಂಡಳು. ಅಳಿಯ ಮತ್ತು ಗಾರ್ಡ್ ಹಿಂದೆ ಕುಳಿತು ನಗು ತಡೆದುಕೊಳ್ಳುತ್ತಿದ್ದರು.

ಹೊತ್ತು ಏರಿತು. ನನ್ನ ಪಾದದ ಮೇಲೆ ಇರುವೆ ಸಾಲು ಹಿಡಿದು ಹೋದವು. ಏನೂ ಬರಲಿಲ್ಲ. ಗಾರ್ಡ್ ಗಡಿಯಾರ ನೋಡಿ ಅಳಿಯನಿಗೆ ಸನ್ನೆ ಮಾಡಿದ. ಹುಡುಗಿ ನನ್ನ ಕೈಯನ್ನು ಇನ್ನಷ್ಟು ಬಿಗಿ ಹಿಡಿದಳು. ನಾನು ಹಣ್ಣಿನ ಗೊಂಚಲಿನ ಮೇಲಿಂದ ಕಣ್ಣು ತೆಗೆಯಲಿಲ್ಲ.

ಎಲೆ ಅಲುಗಿತು.

ನನ್ನ ಗಂಟಲಿನಲ್ಲಿ 'ಹೋ' ಎದ್ದೇಬಿಟ್ಟಿತು. ವಸ್ತ್ರದೊಳಗೆ ಅದು ಬರೀ ಉಸಿರಾಗಿ ಹೋಯಿತು. ಒಂದು ಕೈ ಚಪ್ಪಾಳೆಗೆ ಮೇಲೆದ್ದಿತು, ಇನ್ನೊಂದು ಹುಡುಗಿಯ ಹಿಡಿತದಲ್ಲಿತ್ತು. ಕೊಂಬೆಯ ಮೇಲೆ ಒಂದು ಗಂಡು ಬಂದು ಕುಳಿತು ನಮ್ಮ ಕಡೆಗೇ ಮುಖ ಮಾಡಿತು. ಏನು ಮುಖ ಅದು! ಮಠದಲ್ಲಿ ಕೂತ ಹಿರಿಯ ಸ್ವಾಮಿಗಳ ಗಡ್ಡದ ಹಾಗೆ, ಕಿವಿಯಿಂದ ಕಿವಿಗೆ ಬೂದಿ ಬಣ್ಣದ ಕೂದಲು. ಅಂಟಿಸಿದ್ದಾಗಿದ್ದರೆ ಅದು ಕೆರೆದುಕೊಂಡಾಗ ಕಿತ್ತು ಬರಬೇಕಿತ್ತು. ಕೆರೆದುಕೊಂಡಿತು, ಬರಲಿಲ್ಲ. ಅದರ ಹಿಂದೆ ಮತ್ತೊಂದು, ಮತ್ತೆ ಎರಡು. ಹಣ್ಣನ್ನು ಕೀಳದೆ, ಜೋತಲ್ಲಿಯೇ ಬಗೆದು, ಮೊಣಕೈ ತನಕ ಒಳಗೆ ತೂರಿಸಿ ತೊಳೆ ತೆಗೆಯುತ್ತಿದ್ದವು, ನಾವು ಕುಂಬಳಕಾಯಿಯ ಬೀಜ ತೆಗೆಯುವ ಹಾಗೆ. ಗಡ್ಡಕ್ಕೆ ಒಂದಿಷ್ಟೂ ಅಂಟಿಸಿಕೊಳ್ಳುವುದಿಲ್ಲ! ಕೆನ್ನೆಯೊಳಗೆ ತುಂಬಿಕೊಂಡು, ಬೇರೆ ಕೊಂಬೆಗೆ ಹೋಗಿ ನಿಧಾನವಾಗಿ ತಿನ್ನುತ್ತವೆ. ಒಂದಂತೂ ಗಿಡದ ಪೊಟರೆಯಲ್ಲಿ ನಿಂತ ನೀರಿಗೆ ಕೈ ಅದ್ದಿ, ಬೆರಳು ನೆಕ್ಕಿ ಕುಡಿಯಿತು.

ಒಂದು ತಾಯಿಯ ಹೊಟ್ಟೆಗೆ ಮರಿ ಅವಚಿಕೊಂಡಿತ್ತು. ಹುಡುಗಿ ನನ್ನ ಕೈ ಚಿವುಟಿದಳು. ಮರಿಗೆ ಗಡ್ಡವಿರಲಿಲ್ಲ. ಮುಖ ಕಪ್ಪಲ್ಲ, ಈಗಷ್ಟೇ ನೀರೆರೆದು ಮಲಗಿಸಿದ ಕೂಸಿನ ಹಾಗೆ ಕೆಂಪು. ಇದು ಕ್ಯಾಲೆಂಡರಿನಲ್ಲಿ ಇರಲೇ ಇಲ್ಲ.

ಅವಳು ನನ್ನ ಕೈ ಬಿಟ್ಟು ಪೆನ್ಸಿಲು ಹಿಡಿದಳು. ಬಿಟ್ಟ ಕೈಯನ್ನು ನಾನೇ ತೊಡೆಯ ಕೆಳಗೆ ಹಾಕಿಕೊಂಡು ಅದರ ಮೇಲೆ ಕುಳಿತೆ. ಸಂತೋಷಕ್ಕೆ ಹೊಟ್ಟೆಯೊಳಗೆ ಶೇಂಗಾ ಹುರಿದ ಹಾಗೆ ಚಟಪಟ ಎನ್ನುತ್ತಿತ್ತು, ಹೇಳಿಕೊಳ್ಳಲು ಬಾಯಿಲ್ಲ. ಅವು ತಿಂದು ಮುಗಿಸಿ ಹೋಗುವ ತನಕ ಅವಳು ಬರೆದಳು.

ವಸ್ತ್ರ ಬಿಚ್ಚಿದ ಮೇಲೆ ಗಾರ್ಡ್ ಕೈ ಮುಗಿದ. "ಈಗ ಕೂಗ್ರಿ ಅತ್ತಿ, ಎಷ್ಟು ಬೇಕಷ್ಟು."

ಕೂಗಿದೆ. ನನ್ನ ಜೊತೆ ಹುಡುಗಿಯೂ ಕೂಗಿದಳು. ಬಸ್ಸಿನಲ್ಲಿ ಕಂಡಕ್ಟರನಿಗೆ ಹೇಳಿದೆ, ಪಕ್ಕದಲ್ಲಿ ಕುಳಿತ ಮೆಣಸಿನಕಾಯಿ ಚೀಲದವನಿಗೆ ಹೇಳಿದೆ. ಸೋಮವಾರ ನಸುಕಿಗೆ ಲಿಂಗಸುಗೂರು ಮುಟ್ಟಿ ಅವರು ಹಟ್ಟಿಗೆ ಹೊರಟರು, ನಾನು ಊರ ಬಸ್ಸು ಹತ್ತಿದೆ. ಮಸ್ಕಿ ಬಂದಾಗ ಕಿಟಕಿಯಿಂದ ತಲೆ ಹಾಕಿ, ಯಾವಾಗಲೂ ನೋಡುವ ಗುಡ್ಡದ ಮಂಗಗಳ ಬಾಲಕ್ಕೆ ಕುಚ್ಚು ಇದೆಯೋ ಇಲ್ಲವೋ ಎಂದು ನೋಡಿದೆ. ಇರಲಿಲ್ಲ. ಇಷ್ಟು ವರ್ಷ ಅದನ್ನು ನೋಡಿಯೇ ಇರಲಿಲ್ಲ ನಾನು.

ಶಾಲೆ ತೆರೆಯುವ ದಿನ ಊರಲ್ಲಿ ಇರಲಾಗದೆ ಹಟ್ಟಿಗೆ ಹೋದೆ. ಸಂಜೆ ಹುಡುಗಿ ಬಂದು ಹೇಳಿದ್ದಿಷ್ಟು: ಚಿತ್ರ ತೆರೆದಾಗ ಗೆಳತಿಯರು ಮಂಗ ನೋಡಲೇ ಇಲ್ಲವಂತೆ. ಗಿಡದ ಕೆಳಗೆ ಬಾಯಿ ಕಟ್ಟಿಸಿಕೊಂಡು, ಕೈಯ ಮೇಲೆ ಕುಳಿತ ಒಬ್ಬ ಮುದುಕಿಯನ್ನು ನೋಡಿದರಂತೆ. ನನ್ನನ್ನೂ ಬರೆದಿದ್ದಳು! ಯಾರು, ಯಾಕೆ ಎಂದು ಕೇಳಿದರಂತೆ. ಇವಳು ಎಲ್ಲ ಹೇಳಿದಳಂತೆ, ನನ್ನ ಕೂಗು, ಅರ್ಧ ತಿಂದ ತೊಳೆ, ಗಡ್ಡವಿಲ್ಲದ ಕೆಂಪು ಮರಿ. ಮೊದಲು ಹೆಸರಿಟ್ಟ ಹುಡುಗಿ ಚಿತ್ರವನ್ನು ಬಹಳ ಹೊತ್ತು ನೋಡಿ, "ಸುಳ್ಳಾಗಿದ್ರ ಇಕಿ ಅಜ್ಜಿ ಬಾಯಿ ಯಾಕ ಕಟ್ಟತಿದ್ಲು ಬಿಡ್ರೆ" ಎಂದಳಂತೆ.

ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಹೊರಗೆ ಬೀದಿಯಲ್ಲಿ ಕುಂಟಬಿಲ್ಲೆಯ ಗೆರೆ ಎಳೆಯುವ ಸಪ್ಪಳವಾಯಿತು. ಯಾರೋ ನನ್ನ ಮೊಮ್ಮಗಳನ್ನು ಕರೆದರು, ನಾವು ತೊಟ್ಟಿಲಲ್ಲಿ ಇಟ್ಟ ಹೆಸರು ಹಿಡಿದು. ಅವಳು ಚಪ್ಪಲಿ ಬಿಟ್ಟು ಓಡಿದಳು.

ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು "ಹೋ... ಹೋಹೋಹೋಯ್!" ಎಂದೆ.

ಬೀದಿಯ ಹುಡುಗಿಯರೆಲ್ಲ ಒಮ್ಮೆಲೆ ಕಿರುಚಿದರು, "ಏ, ಅಜ್ಜಿ ಬಾಯಿ ಕಟ್ರೆ!"