ಒದ್ದೆಯಾಗದ ಬಟ್ಟೆಗಳು

ನಯನಾ, ನಿನ್ನ ಎದೆಯಲ್ಲಿ ಹಾಲು ಸಾಲದೆ ಹೋದದ್ದು ನೀನು ತಿಂದ ಹಲಸಿನ ಹಣ್ಣಿನಿಂದ ಅಲ್ಲ. ಅದು ನನಗೆ ಅವತ್ತೇ ಗೊತ್ತಿತ್ತು. ನಿನ್ನ ಮಗು ಹಸಿದಿದೆ ಎಂಬುದೂ ಗೊತ್ತಿತ್ತು — ಡಾಕ್ಟರು ಹೇಳುವುದಕ್ಕೆ ಮೊದಲೇ, ನಿನಗಿಂತಲೂ ಮೊದಲೇ. ಗೊತ್ತಿದ್ದೂ ಸುಮ್ಮನಿದ್ದೆ. ಆಮೇಲೆ ತಪ್ಪನ್ನೆಲ್ಲ ನಿನ್ನ ತಲೆಗೆ ಕಟ್ಟಿದೆ. ಎಂಟು ವರ್ಷದಿಂದ ನೀನು ಅದನ್ನು ಹೊತ್ತುಕೊಂಡು ತಿರುಗುತ್ತಿದ್ದೀಯ, ನಾನು ನೋಡುತ್ತಿದ್ದೇನೆ.

ಓದುವ ಬೇರೆಯವರಿಗೂ ತಿಳಿಯಲಿ ಎಂದು ಮೊದಲಿನಿಂದ ಹೇಳುತ್ತೇನೆ. ನೀನು ನನ್ನ ಚಿಕ್ಕಮ್ಮನ ಮಗಳು. ಚಿಕ್ಕಮ್ಮ ತೀರಿಕೊಂಡ ಮೇಲೆ ಬಾಣಂತನಕ್ಕೆ ಹೋಗಲು ನಿನಗೆ ತವರು ಎಂಬುದು ಉಳಿದಿರಲಿಲ್ಲ. ಹೆಗ್ಗರಣೆಯ ನಿನ್ನ ಅತ್ತೆಗೆ ಮಂಡಿನೋವು. ನಾನು ಮುಂದೆ ಬಂದೆ. ಶಿರಸಿಯ ನಮ್ಮ ಮನೆಗೇ ಬರಲಿ, ಬಾಣಂತನ ನಾನು ಮಾಡುತ್ತೇನೆ ಎಂದೆ. ನೆಂಟರೆಲ್ಲ ಹೊಗಳಿದರು. ಆ ಹೊಗಳಿಕೆ ನನಗೆ ಬೇಕಿತ್ತು, ಇಲ್ಲವೆನ್ನುವುದಿಲ್ಲ.

ಆಗ ನನ್ನ ಹೆಸರು ಸ್ವಲ್ಪ ಓಡಾಡತೊಡಗಿತ್ತು. ಹಳೆಯ ಹತ್ತಿ ಸೀರೆಗಳಿಂದ ಮಗುವಿನ ಲಂಗೋಟಿ, ಕುಲಾವಿ, ದುಪಟಿ ಹೊಲಿಸಿ ಮಾರುತ್ತಿದ್ದೆ. ಮಹಡಿಯ ಮೇಲೆ ಹೊಲಿಗೆ ಮಷಿನ್ನುಗಳ ಸದ್ದು, ಮೊಬೈಲಿನಲ್ಲಿ ನನ್ನದೇ ಒಂದು ಪುಟ. ಸಿದ್ದಾಪುರದಲ್ಲಿ, ಯಲ್ಲಾಪುರದಲ್ಲಿ ಬಸುರಿ ಹೆಂಗಸರನ್ನು ಕೂರಿಸಿಕೊಂಡು ತರಗತಿ ಮಾಡುತ್ತಿದ್ದೆ. ಪ್ಲಾಸ್ಟಿಕ್ ಡೈಪರ್ ಬೇಡ, ಅಂಗಡಿಯ ಪೌಡರು ಬೇಡ. ಕೊಬ್ಬರಿ ಎಣ್ಣೆ ಸಾಕು, ಹೆಸರು ಹಿಟ್ಟು ಸಾಕು, ಅಜ್ಜಿಯ ಸೀರೆ ಸಾಕು. ಇದರಲ್ಲಿ ಯಾವುದೂ ತಪ್ಪಲ್ಲ. ಇವತ್ತಿಗೂ ಹೇಳುತ್ತೇನೆ — ಬಟ್ಟೆ ಒಳ್ಳೆಯದೇ, ಎಣ್ಣೆ ಒಳ್ಳೆಯದೇ, ಹಾಲಿದ್ದವರಿಗೆ ಎದೆಹಾಲಿನಂಥದ್ದು ಬೇರೆ ಇಲ್ಲ. ಕೆಟ್ಟದ್ದು ನಾನು. ಪ್ರತಿ ತರಗತಿಯ ಕೊನೆಗೂ ಒಂದು ಮಾತು ಸೇರಿಸುತ್ತಿದ್ದೆ: ನನ್ನ ಮಗ ಡಬ್ಬಿ ಹಾಲಿನ ಮುಖವನ್ನೇ ನೋಡಿದವನಲ್ಲ.

ನೋಡಿದ್ದ. ಅದನ್ನು ಕುಡಿದೇ ಬದುಕಿದ್ದ.

ಅವನು ಹುಟ್ಟಿದಾಗ ನನಗೂ ಹಾಲು ಸಾಲಲಿಲ್ಲ. ಮೆಂತೆ ತಿಂದೆ, ಬೆಳ್ಳುಳ್ಳಿ ತಿಂದೆ, ಶತಾವರಿ ಬೇರಿನ ಕಷಾಯ ಕುಡಿದೆ. ಬೆಳಿಗ್ಗೆ ಕಟ್ಟಿದ ಲಂಗೋಟಿ ಮಧ್ಯಾಹ್ನ ಬಿಚ್ಚಿದರೂ ಒಣಗಿಕೊಂಡೇ ಇರುತ್ತಿತ್ತು. ಮಗು ಕುಡಿದರಲ್ಲವೇ ಉಚ್ಚೆ ಹೊಯ್ಯುವುದು! ಹೆದರಿಹೋದೆ. ನಮ್ಮನೆಯವರು ಡಾಕ್ಟರನ್ನು ಕೇಳಿಕೊಂಡು ಹಾಲಿನ ಪುಡಿ ತಂದರು — ಶಿರಸಿ ಪೇಟೆಯಲ್ಲಿ ಕೊಂಡರೆ ಯಾರಾದರೂ ನೋಡಿಯಾರೆಂದು ಹಾವೇರಿಗೆ ಹೋಗಿ. ಮಗು ಕುಡಿಯಿತು, ನಿದ್ದೆ ಮಾಡಿತು, ಬಟ್ಟೆ ಒದ್ದೆಯಾಯಿತು. ಆ ಒದ್ದೆ ಬಟ್ಟೆ ಕೈಯಲ್ಲಿ ಹಿಡಿದುಕೊಂಡು ನಾನು ಅತ್ತುಬಿಟ್ಟೆ.

ಇದನ್ನು ಇದ್ದದ್ದು ಇದ್ದ ಹಾಗೆ ಹೇಳಿದ್ದರೆ ಎಷ್ಟು ಜನ ಹೆಂಗಸರಿಗೆ ಧೈರ್ಯ ಬರುತ್ತಿತ್ತೋ. ಆದರೆ ಮಗುವನ್ನು ನೋಡಲು ಬಂದವರಲ್ಲಿ ಯಾರೋ "ಎದೆಹಾಲೊಂದೇ ಅಲ್ದನೇ?" ಎಂದರು, ನಾನು ಹೂಂ ಎಂದೆ. ಒಂದು ಹೂಂ — ಅಷ್ಟೇ. ಆಮೇಲೆ ಅದರ ಮೇಲೆಯೇ ಅಂಗಡಿ ಇಟ್ಟೆ. ಖಾಲಿ ಡಬ್ಬಿಗಳನ್ನು ಎಸೆಯಲೂ ಭಯ, ಕಸದ ಗಾಡಿಯವನು ನೋಡಿಬಿಟ್ಟರೆ? ಮೇಲಿನ ಕಾಗದ ಕೆರೆದು ತೆಗೆದು ಅಡಿಗೆಮನೆಯ ಕಪಾಟಿನಲ್ಲಿ ಸಾಮಾನು ತುಂಬಿಟ್ಟೆ. ನಿನಗೆ ಹಾಲು ಹೆಚ್ಚಲೆಂದು ಬೆಳಿಗ್ಗೆ ಬೆಳಿಗ್ಗೆ ಕೊಡುತ್ತಿದ್ದೆನಲ್ಲ ಮೆಂತೆ ಉಂಡೆ, ಅದನ್ನು ತೆಗೆದುಕೊಡುತ್ತಿದ್ದದ್ದು ಅಂಥದೇ ಒಂದು ಡಬ್ಬಿಯಿಂದ.

ನಿನ್ನ ಹೆರಿಗೆ ಸಲೀಸಾಗಿಯೇ ಆಯಿತು. ಕೂಸು ಕೆಂಪಗೆ, ತುಂಬಿಕೊಂಡಿತ್ತು. ಮನೆಗೆ ಕಳಿಸುವಾಗ ಆಸ್ಪತ್ರೆಯ ನರ್ಸು, ನಡುವೆ ಒಮ್ಮೆ ತಂದು ತೂಕ ಮಾಡಿಸಿ ಎಂದಿದ್ದಳು. ಬಾಣಂತಿ-ಕೂಸನ್ನು ಗಾಳಿಗೆ ಯಾಕೆ ಎಳೆದಾಡುವುದು ಎಂದು ತಡೆದವಳು ನಾನು. ನಿನ್ನನ್ನು ಬಿಸಿನೀರಲ್ಲಿ ಮೀಯಿಸಿದೆ, ತಲೆಗೆ ಎಣ್ಣೆ ತಟ್ಟಿದೆ, ಕಾಳುಮೆಣಸಿನ ಸಾರು, ತುಪ್ಪ ಹಾಕಿ ಉಣ್ಣಿಸಿದೆ. ಎಲ್ಲದರದ್ದೂ ಫೋಟೊ ತೆಗೆದೆ — ನಿನ್ನ ಮುಖ ಕಾಣದ ಹಾಗೆ, ನನ್ನ ಕೈ ಕಾಣುವ ಹಾಗೆ.

ಮಗು ಅಳುತ್ತಿರಲಿಲ್ಲ. ಎದೆಗೆ ಹಿಡಿದರೆ ಎರಡು ಗುಟುಕಿಗೆ ಕಣ್ಣು ಮುಚ್ಚುತ್ತಿತ್ತು. ಎಷ್ಟು ಸಮಾಧಾನದ ಕೂಸು, ಔಷಧಿ-ಗಿಷಧಿ ಇಲ್ಲದ ಹೆರಿಗೆಯ ಗುಣವೇ ಇದು ಎಂದು ಬಂದವರಿಗೆ ಹೇಳಿದೆ. ಬಟ್ಟೆ ಒಗೆಯುತ್ತಿದ್ದವಳೂ ನಾನೇ. ಬಾಣಂತಿ ತಣ್ಣೀರು ಮುಟ್ಟಬಾರದಲ್ಲ. ದಿನ ಹೋದ ಹಾಗೆ ಒಗೆಯುವ ಲಂಗೋಟಿ ಕಡಿಮೆಯಾಗುತ್ತ ಬಂದವು. ಕೊನೆಕೊನೆಗೆ ಬಿಚ್ಚಿದರೆ ಮಡಿಕೆಯೇ ಕೆಟ್ಟಿರುತ್ತಿರಲಿಲ್ಲ, ಎಲ್ಲೋ ಒಂದು ಕಡೆ ನೀರಿಲ್ಲದ ಉಚ್ಚೆಯ ಇಟ್ಟಿಗೆ ಬಣ್ಣದ ಸಣ್ಣ ಕಲೆ. ಒಣ ಬಟ್ಟೆ ಎಂದರೆ ಏನು ಎಂದು ಆ ಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಮತ್ತೆ ನಾನು ಮಾಡಿದ್ದೇನು? ಮಾಳಿಗೆಯ ಹಗ್ಗದ ಮೇಲೆ ಹರಡಿದ ನಾಲ್ಕೈದು ಲಂಗೋಟಿಯ ಫೋಟೊ ತೆಗೆದು ಪುಟಕ್ಕೆ ಹಾಕಿದೆ. ಹಳೆ ಸೀರೆಯ ಬಟ್ಟೆ ಎಷ್ಟು ಚೆನ್ನಾಗಿ ಹೀರುತ್ತದೆ ನೋಡಿ, ಒಗೆಯುವ ಕೆಲಸವೂ ಕಡಿಮೆ, ನೀರೂ ಉಳಿಯುತ್ತದೆ ಎಂದು ಬರೆದೆ. ಎಲ್ಲರೂ ಹೃದಯದ ಚಿಹ್ನೆ ಒತ್ತಿದರು.

ಮರೆತಿದ್ದೆ ಎನ್ನಲಾ? ಕೆಲಸದ ಗಡಿಬಿಡಿ ಎನ್ನಲಾ? ಇಲ್ಲ. ಆ ಫೋಟೊ ತೆಗೆಯುವಾಗ ನನ್ನ ಮಗನ ಒಣ ಲಂಗೋಟಿಗಳು ನೆನಪಾಗಿದ್ದವು. ನಾಳೆ ಸರಿಹೋದೀತು ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ಸುಲಭವಿತ್ತು, ಹಸಿದದ್ದು ನನ್ನ ಮಗುವಲ್ಲವಲ್ಲ.

ಮಾರನೆಯ ದಿನ ನೀನೇ ಕೇಳಿದೆ. ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು, ತಲೆ ಎತ್ತದೆ: "ಅಕ್ಕಾ, ಇದಕ್ಕೆ ಹೊಟ್ಟೆ ತುಂಬ್ತಿಲ್ಲೆ ಹೇಳಿ ಕಾಣ್ತು. ಒಂಚೂರು ಡಬ್ಬಿ ಹಾಲು ಕೊಟ್ರೆ ಆಗ್ತಿಲ್ಯ?"

ಆ ಪ್ರಶ್ನೆಗೆ ನಾನು ಕೊಟ್ಟ ಉತ್ತರ ನಿನಗೆ ನೆನಪಿದೆಯೋ ಇಲ್ಲವೋ. ನನಗೆ ಅಕ್ಷರಕ್ಷರವೂ ನೆನಪಿದೆ. "ಹುಚ್ಚು ಹಿಡದ್ದ ನಿಂಗೆ? ಯನ್ನ ಮಾಣಿ ಒಂದು ಹನಿ ಡಬ್ಬಿ ಹಾಲು ಕಂಡಿದ್ನಿಲ್ಲೆ. ತಡಕ." ಅಷ್ಟಕ್ಕೇ ಬಿಡದೆ, "ಪಥ್ಯ ಬಿಟ್ಟು ಎಂತಾದ್ರೂ ತಿಂದ್ಯನೆ?" ಎಂದೂ ಕೇಳಿದೆ.

ನಿನ್ನ ಮುಖ ಕಪ್ಪಿಟ್ಟಿತು. ಹಿಂದಿನ ವಾರ ಹುಲಗೋಳದ ಕಡೆಯ ನೆಂಟರೊಬ್ಬರು ಬಕ್ಕೆ ಹಲಸು ತಂದುಕೊಟ್ಟಿದ್ದರು. ಹಣ್ಣು ಕೊಯ್ದಾಗ ಮನೆಯೆಲ್ಲ ಪರಿಮಳ. ಮೆಣಸಿನ ಸಾರು ಉಂಡು ಉಂಡು ನಾಲಿಗೆ ಸತ್ತಿದ್ದ ಹುಡುಗಿ ನೀನು. ಯಾರೂ ಇಲ್ಲದಾಗ ಅಡಿಗೆಮನೆಗೆ ಬಂದು ಒಂದು ತೊಳೆ ಬಾಯಿಗೆ ಹಾಕಿಕೊಂಡಿದ್ದೆ. "ಒಂದೇ ಒಂದು ಸೊಳೆ ತಿಂದಿ ಅಕ್ಕಾ," ಎಂದು ಅಳತೊಡಗಿದೆ. ನನಗೆ ಆಗ ಆದದ್ದು ಏನು ಗೊತ್ತೇ? ನೆಮ್ಮದಿ. ಕಾರಣ ಸಿಕ್ಕಿತಲ್ಲ ಎಂಬ ನೆಮ್ಮದಿ. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ನಮ್ಮನೆಯವರು ಎಲ್ಲ ಕೇಳಿಸಿಕೊಂಡಿದ್ದರು. ನನ್ನನ್ನು ಪಕ್ಕಕ್ಕೆ ಕರೆದು, "ನಮ್ಮ ಮಾಣಿಗೆ ಕೊಟ್ಟಿದ್ದನ್ನೇ ಕೊಡನ. ಪೇಟೆಗೆ ಹೋಗಿ ತತ್ತೆ," ಎಂದರು. "ಸುಮ್ನಿರಿ, ಮರ್ಯಾದೆ ಕಳೆಯಡಿ," ಎಂದೆ. ಮುಂದಿನ ವಾರ ಯಲ್ಲಾಪುರದಲ್ಲಿ ತರಗತಿ ಇತ್ತು. ತೂಕಕ್ಕೆ ಒಯ್ಯಲು ಬಿಡದ ನನಗೇ ನಿನ್ನನ್ನೂ ಕೂಸನ್ನೂ ಕರೆದುಕೊಂಡು ಹೋಗಿ ಎಲ್ಲರೆದುರು ಕೂರಿಸುವ ಆಸೆಯಿತ್ತು. ನನ್ನ ಮನೆಯ ಬಾಣಂತಿಯೇ ಡಬ್ಬಿ ಹಾಲಿಗೆ ಕೈ ಹಾಕಿದಳು ಎಂದಾದರೆ ನನ್ನ ಮಾತನ್ನು ಯಾರು ನಂಬುತ್ತಾರೆ? ನಮ್ಮನೆಯವರು ಒಂದು ಮಾತಿಗೆ ಸುಮ್ಮನಾಗುವ ಮನುಷ್ಯ. ಆಮೇಲೆ ಎಂದೂ ಆ ವಿಷಯ ಎತ್ತಲಿಲ್ಲ, ನನ್ನ ತರಗತಿಗಳಿಗೆ ನನ್ನನ್ನು ಬಿಡಲೂ ಬರಲಿಲ್ಲ.

ಎರಡು ದಿನ ಬಿಟ್ಟು, ಮೀಯಿಸಲೆಂದು ಎಣ್ಣೆ ಹಚ್ಚುತ್ತಿದ್ದಾಗ ಕೂಸಿನ ಕೈಕಾಲು ಸೆಟೆದುಕೊಂಡವು. ಕಣ್ಣಾಲಿ ಮೇಲಕ್ಕೆ ಹೋಯಿತು. ನನ್ನ ಎಣ್ಣೆಗೈಯಿಂದ ನೀನು ಅದನ್ನು ಕಿತ್ತುಕೊಂಡೆ. ಶಿರಸಿಯಲ್ಲಿ ನೋಡಿದವರು ಹುಬ್ಬಳ್ಳಿಗೆ ಕಳಿಸಿದರು. ಮೈಯಲ್ಲಿ ನೀರು ಬತ್ತಿದೆ, ಸಕ್ಕರೆ ಪೂರಾ ಇಳಿದಿದೆ ಎಂದರು ಅಲ್ಲಿನ ಡಾಕ್ಟರು. ಮಗು ದಿನಕ್ಕೆ ಎಷ್ಟು ಸಲ ಮೂತ್ರ ಮಾಡುತ್ತಿತ್ತು ಎಂದು ಕೇಳಿದರು. ನೀನು ನನ್ನ ಮುಖ ನೋಡಿದೆ — ಬಟ್ಟೆ ಒಗೆದವಳು ನಾನಲ್ಲವೇ. "ಮಾಡುತ್ತಿತ್ತು, ಸರಿಯಾಗಿಯೇ ಮಾಡುತ್ತಿತ್ತು," ಎಂದೆ. ಗಾಜಿನ ಬಾಗಿಲಿನಾಚೆ ಮಗುವಿನ ತಲೆಗೆ ಸೂಜಿ ಚುಚ್ಚಿದ್ದರು, ಆಗಲೂ ನನ್ನ ಬಾಯಿಂದ ಬಂದದ್ದು ಸುಳ್ಳೇ.

ಹೊರಗೆ ಬೆಂಚಿನ ಮೇಲೆ ನಿನ್ನ ಅತ್ತೆ ಕೂತಿದ್ದರು. ಮಂಡಿನೋವಿನಲ್ಲೂ ಹೆಗ್ಗರಣೆಯಿಂದ ಓಡಿ ಬಂದಿದ್ದರು. "ಎಂತಾತೆ? ಎಂತಕ್ಕೆ ಹೀಂಗಾತು?" ಎಂದು ನನ್ನ ಕೈ ಹಿಡಿದುಕೊಂಡರು. ನಾನು ಹೇಳಿದೆ: "ಹಲಸಿನ ಹಣ್ಣು ತಿಂದಿದ್ದಡ."

ಇಷ್ಟೇ ಮಾತು. ಅದು ಹುಬ್ಬಳ್ಳಿಯಿಂದ ಹೆಗ್ಗರಣೆಗೆ ನಿನಗಿಂತ ಮೊದಲೇ ಹೋಗಿ ಮುಟ್ಟಿತು.

ನಿನ್ನ ಮಗಳು ಅವನಿ ಬದುಕಿದಳು, ಆದರೆ ಮಿದುಳಿಗೆ ಪೆಟ್ಟಾಗಿತ್ತು. ಈಗ ಶಾಲೆಯಲ್ಲಿ ತನಗಿಂತ ಚಿಕ್ಕವರ ಜೊತೆ ಕೂರುತ್ತಾಳೆ. ಮಾತು ತಡವರಿಸಿ ಬರುತ್ತದೆ, ಅಂಗಿಯ ಗುಂಡಿ ನೀನೇ ಹಾಕಬೇಕು, ಫಿಟ್ಸಿನ ಔಷಧಿ ತಪ್ಪುವ ಹಾಗಿಲ್ಲ. ನನ್ನ ಮಗ ಸೈಕಲ್ ತುಳಿದುಕೊಂಡು ಊರೆಲ್ಲ ಸುತ್ತುತ್ತಾನೆ. ಅವಳು ನಮ್ಮ ಮನೆಗೆ ಬಂದಾಗಲೆಲ್ಲ ಅವನು ಅವಳಿಗೆ ಚಪ್ಪಲಿ ಹಾಕಿಕೊಡುತ್ತಾನೆ. ಆಗ ನಾನು ಒಳಗೆ ಹೋಗಿ ಏನಾದರೂ ಕೆಲಸ ಹುಡುಕಿಕೊಳ್ಳುತ್ತೇನೆ.

ಅವನಿಯ ಸ್ಥಿತಿ ಹೀಗಾದ ಮೇಲೆ ನಾನು ಅಂಗಡಿ ಮುಚ್ಚಿದೆ ಎಂದುಕೊಂಡಿದ್ದರೆ ಅದೂ ಸುಳ್ಳು. ಮಷಿನ್ನುಗಳು ಹೆಚ್ಚಿದವು. ಮಗನ ಮಾತನ್ನು ತರಗತಿಯಲ್ಲಿ ಹೇಳುವುದನ್ನು ಮಾತ್ರ ಬಿಟ್ಟೆ, ಅದನ್ನೇ ದೊಡ್ಡ ಪ್ರಾಯಶ್ಚಿತ್ತ ಎಂದುಕೊಂಡೆ. ಹಗ್ಗದ ಮೇಲಿನ ಲಂಗೋಟಿಯ ಆ ಫೋಟೊ ಇನ್ನೂ ಪುಟದಲ್ಲಿದೆ.

ಮೊನ್ನೆ ನೆಂಟರ ಮನೆಯ ಉಪನಯನದ ಊಟಕ್ಕೆ ಕೂತಾಗ ನೀನು ನನ್ನ ಎದುರಿನ ಪಂಕ್ತಿಯಲ್ಲಿದ್ದೆ. ಹಲಸಿನ ಹಣ್ಣಿನ ಕಡುಬು ಬಂತು. ನೀನು ಬಾಳೆ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದೆ. ಪಕ್ಕದಲ್ಲಿ ಕೂತಿದ್ದ ಬಸುರಿ ಹುಡುಗಿ, ಯಾಕೆ ಸೇರುವುದಿಲ್ಲವೇ ಎಂದು ನಗುತ್ತ ಕೇಳಿದಳು. ನೀನು ನಗಲಿಲ್ಲ. "ಬಾಣಂತಿಲಿ ನಾಲಿಗೆ ಬಿಗಿ ಹಿಡಿ ತಂಗಿ. ಆನು ಒಂದು ಸೊಳೆ ತಿಂದಿ. ಯನ್ನ ಕೂಸು ಅನುಭವಿಸ್ತಾ ಇದ್ದು." ಆಮೇಲೆ ನನ್ನ ಕಡೆ ಕೈ ತೋರಿಸಿದೆ: "ಅಲ್ಲಿ ನಮ್ಮಕ್ಕ ಇದ್ದು ನೋಡು, ಅದರ ಕೇಳು. ಎಲ್ಲಾ ಸರಿಯಾಗಿ ಹೇಳಿಕೊಡ್ತು."

ಆ ಹುಡುಗಿ ಊಟವಾದ ಮೇಲೆ ನನ್ನ ಹತ್ತಿರ ಬಂದು ಫೋನ್ ನಂಬರು ಕೇಳಿದಳು. ಕೊಡಲಿಲ್ಲ. ಕೈ ತೊಳೆಯುವ ನೆಪ ಮಾಡಿ ಹೊರಟುಬಂದೆ.

ನಯನಾ, ಈ ಭಾನುವಾರ ಹೆಗ್ಗರಣೆಗೆ ಬರುತ್ತೇನೆ. ಕೈಯಲ್ಲಿ ಏನೂ ತರುವುದಿಲ್ಲ. ನಿನ್ನ ಅತ್ತೆಯನ್ನೂ, ನಿನ್ನ ಗಂಡನನ್ನೂ ಕೂರಿಸಿ ಹೇಳುತ್ತೇನೆ — ಬಟ್ಟೆ ಒಣಗಿಕೊಂಡೇ ಇರುತ್ತಿತ್ತು, ಅದರ ಅರ್ಥ ನನಗೆ ಗೊತ್ತಿತ್ತು, ಡಾಕ್ಟರ ಎದುರಿಗೂ ಬಚ್ಚಿಟ್ಟೆ, ಇವಳು ಕೇಳಿದ ಹಾಲನ್ನು ನಾನು ಬೇಡವೆಂದೆ. ಅವರಿಗೆ ಹೇಳಿ ಬಂದ ಮೇಲೆ ಈ ಪತ್ರವನ್ನೇ ಪುಟದಲ್ಲಿ ಆ ಫೋಟೊ ಇದ್ದ ಜಾಗದಲ್ಲಿ ಹಾಕುತ್ತೇನೆ, ನನ್ನ ಹೆಸರಿನ ಜೊತೆಗೇ. ಮುಂದೆ ನನ್ನ ಬಟ್ಟೆ ಯಾರು ಕೊಳ್ಳುತ್ತಾರೆ ಎಂದು ಕೇಳುವ ಹೊತ್ತು ಎಂದೋ ಮುಗಿದಿದೆ.

ನೀನು ಕ್ಷಮಿಸಬೇಕೆಂದು ಕೇಳಲು ಬರುತ್ತಿಲ್ಲ. ಅವನಿ ದೊಡ್ಡವಳಾದ ಮೇಲೆ ಅವಳಿಗೆ ಎಷ್ಟು ಅರ್ಥವಾಗುತ್ತದೋ ಗೊತ್ತಿಲ್ಲ. ಅರ್ಥವಾಗುವಷ್ಟನ್ನಾದರೂ ಅವಳಿಗೂ ನಾನೇ ಹೇಳಬೇಕು — ನಿನ್ನ ಅಮ್ಮ ನಿನಗೆ ಹಾಲು ಕೊಡಲು ಕೇಳಿದ್ದಳು, ದೊಡ್ಡಮ್ಮ ಕೊಡಲು ಬಿಡಲಿಲ್ಲ.